ಕೆಳಗಿನಿಂದ ಕಾಣುವ ಗೂಡು

ಅಲ್ಲ ಧನ್ಯಾ, ಈ ಅಜ್ಜಿ ಹೇಳುವ ಹಕ್ಕಿಯನ್ನು ಆಮೇಲೆ ಬರೆದುಕೋ, ಮೊದಲು ಹುಚ್ಚಮ್ಮನನ್ನು ಬರೆ. ಅವಳಿಲ್ಲದಿದ್ದರೆ ಆ ಹಕ್ಕಿ ನನಗೆ ಗೊತ್ತೇ ಆಗುತ್ತಿರಲಿಲ್ಲ. ಇಷ್ಟೇ ಎತ್ತರದ ಹೆಂಗಸು, ಬಾಯಿ ತುಂಬ ಎಲೆಯಡಿಕೆ. ಗಂಡ ತೀರಿದ ಮೇಲೆ ನಮ್ಮ ಜಾವಳಿ ತೋಟದಲ್ಲಿ, ಆಳುಗಳ ಲೈನಿನ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ಮಾಡುತ್ತಿದ್ದ ಕೆಸುವಿನ ಸೊಪ್ಪಿನ ಸಾರು... ಅದಿರಲಿ ಬಿಡು.

ಹಕ್ಕಿ ಗುಬ್ಬಿಗಿಂತ ತುಸು ದೊಡ್ಡದು. ಮೈಯೆಲ್ಲ ತರಗೆಲೆ ಬಣ್ಣ, ಎದೆಯ ಮೇಲೆ ಗೀರು ಗೀರು. ಕೂಗುವಾಗ ಬಿಳಿ ಗಂಟಲು ಉಬ್ಬುತ್ತದೆ. ಕಾಫಿ ಗಿಡದ ಬುಡದಲ್ಲಿ ಎಲೆ ಮಗುಚಿ ಹುಳ ಹುಡುಕುವ ಸದ್ದು ಕೇಳಿದರೆ ಹಂದಿಯೇ ಬಂತೇನೋ ಅನ್ನಬೇಕು.

"ಹೆಸ್ರೇನೇ ಇದಕ್ಕೆ?" ಅಂದರೆ, "ನಂಗೇ ಸರಿಯಾಗಿ ಹೆಸ್ರಿಡ್ಲಿಲ್ಲ, ಇನ್ನು ಅದಕ್ಯಾರು ಇಡ್ತಾರಮ್ಮಾ?" ಎಂದು ಹುಚ್ಚಮ್ಮ ನಗುತ್ತಿದ್ದಳು.

ಗೂಡು ನೆಲದ ಮೇಲೇ, ತರಗೆಲೆಯ ಉಂಡೆ. ಬಾಗಿಲು ಇಳಿಜಾರಿನ ಕೆಳಗಡೆಗೆ, ನೀರು ಒಳಗೆ ಹೋಗಬಾರದಲ್ಲ. ಅದಕ್ಕೇ ಹುಚ್ಚಮ್ಮ ಕಳೆ ಹೊಡೆಯುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿದ್ದಳು. ಬಾಗಿಲು ಕಂಡರೆ ಪಕ್ಕದಲ್ಲೊಂದು ಕೋಲು ನೆಟ್ಟು, ಸುತ್ತ ಒಂದು ಮಾರು ಕಳೆ ಹಾಗೇ ಬಿಡುತ್ತಿದ್ದಳು.

ಮೇಸ್ತ್ರಿ ಗುರುವಯ್ಯ ರೇಗಿಸುತ್ತಿದ್ದ: "ಏನೇ, ತೋಟಕ್ಕೆ ಜುಟ್ಟು ಬಿಟ್ಟಿದೀಯಾ?"

"ಇರ್ಲಿ ಮಾರಾಯ. ಬೆಳಿಗ್ಗೆದ್ರೆ ನನ್ನ ಮಾತಾಡ್ಸೋದು ಅದೊಂದೇ."

ನಿಜ. ಅದು ಕೂಗಿದರೆ ಇವಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಉತ್ತರ ಕೊಡುತ್ತಿದ್ದಳು.

ತೊಂಬತ್ತೆಂಟರಲ್ಲಿ ಅವಳು ಜ್ವರ ಬಂದು ಮಲಗಿದಳು. ಆಳು ಸಾಲದೆ ನಾನೇ ಕತ್ತಿ ಹಿಡಿದೆ. ನಮ್ಮ ಮನೆ ಗುಡ್ಡದ ಮೇಲೆ. ಕೆಳಗಿಳಿದು ಮತ್ತೆ ಹತ್ತುವುದು ಯಾಕೆಂದು ಮೇಲಿನಿಂದಲೇ ಹೊಡೆಯುತ್ತ ಇಳಿದೆ. ಮೇಲಿನಿಂದ ಬಂದವರಿಗೆ ಆ ಗೂಡು ಬರೀ ಎಲೆಗುಪ್ಪೆ ಕಣೇ. ಕತ್ತಿ ಬೀಸಿದ ಮೇಲೆ ತಿಳಿಯಿತು. ಮೂರು ಮೊಟ್ಟೆ, ಮೂರೂ ಒಡೆದಿದ್ದವು. ಎಲೆ ಮುಚ್ಚಿ ಬಂದುಬಿಟ್ಟೆ.

ಜ್ವರ ಬಿಟ್ಟ ಮೇಲೆ ಹುಚ್ಚಮ್ಮ ಕೇಳಿದಳು, "ಯಾಕಮ್ಮಾ, ಅದ್ರ ದನಿಯೇ ಇಲ್ಲ?"

"ಹಾವು ಮೊಟ್ಟೆ ತಿಂದಿರ್ಬೇಕು, ಎತ್ಲಾಗೋ ಹೋಯ್ತು."

"ಹೋಗ್ಲಿ ಬಿಡಿ. ಹಾವಿಗೂ ಹೊಟ್ಟೆ ಇದ್ಯಲ್ಲಾ."

ಹಾಗಂದಳು, ಆದರೂ ದಿನಾ ಬಾಗಿಲಲ್ಲಿ ನಿಲ್ಲುವುದು ಬಿಡಲಿಲ್ಲ. ಲೋಟದ ಕಾಫಿ ಆರುತ್ತಿತ್ತು. ಮೇಲಿನಿಂದ ನನಗೆ ಕಾಣುತ್ತಿತ್ತು. ಐದು ವರ್ಷ ಕಂಡರೂ ನಿಜ ಹೇಳಲು ಬಾಯಿ ಬರಲಿಲ್ಲ, ಆಮೇಲೆ ಕೇಳಲು ಅವಳೇ ಇರಲಿಲ್ಲ.

ಈಗ ಮೂರು ದಿನದಿಂದ ಲೈನಿನ ಹಿಂದೆ ಅದೇ ಹಕ್ಕಿಯ ದನಿ. ನಾಳೆ ಕಳೆ ಹೊಡೆಯುವ ಮಿಷನ್ ಬರುತ್ತದೆ. ಬರೆದದ್ದು ಸಾಕು, ಏಳು. ನನ್ನ ಮಂಡಿ ಅಷ್ಟು ದೂರ ಇಳಿಯುವುದಿಲ್ಲ. ನೀನು ಹಳ್ಳದ ತನಕ ಇಳಿದು, ಅಲ್ಲಿಂದ ನೋಡುತ್ತ ನೋಡುತ್ತ ಹತ್ತು. ಬಾಗಿಲು ಕಂಡರೆ ಪಕ್ಕದಲ್ಲಿ ಈ ಕೋಲು ನೆಟ್ಟು ಬಾ.