ಬೀಳುವುದರ ಬಗ್ಗೆ ಮಾವನ ಅಭಿಪ್ರಾಯಗಳು

ನನ್ನ ಮಾವ, ಎಂದರೆ ಅಮ್ಮನ ತಮ್ಮ, ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಪ್ಲಾಸ್ಟರ್ ಹಾಕುತ್ತಿದ್ದಾನೆ. ಡಾಕ್ಟರು ಎಕ್ಸ್‌ರೇ ನೋಡಿ ಚೀಟಿ ಬರೆದರೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಮಾವನದೇ ರಾಜ್ಯಭಾರ. ಉಗುರುಬೆಚ್ಚಗಿನ ನೀರಿನ ಬಕೆಟ್ಟಿಗೆ ಪಟ್ಟಿಯ ಸುರುಳಿ ಅದ್ದಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಕಾದು, ಹಿಂಡಿ, ಸುತ್ತಿ, ಅಂಗೈಯಿಂದ ನೇವರಿಸಿ ನುಣುಪು ಮಾಡುತ್ತಾನೆ. ಅವನ ಉಗುರ ಸಂದಿಯ ಬಿಳುಪು ರಜೆಯ ದಿನವೂ ಹೋಗುವುದಿಲ್ಲ.

ಇಂಥ ಶಾಂತ ಮನುಷ್ಯನಿಗೆ ಒಂದು ಹುಚ್ಚು: ಟೀವಿ ಕುಸ್ತಿ. ಹೊಳೆಯುವ ಚಡ್ಡಿ, ಹೊಗೆ, ಪಟಾಕಿ, ಮೈಕು ಹಿಡಿದು ಬೈಗುಳ, ಎಲ್ಲ ಇರುವ ಕುಸ್ತಿ. ವರ್ಷಕ್ಕೊಮ್ಮೆ ದೂರದ ಯಾವುದೋ ದೊಡ್ಡ ಕ್ರೀಡಾಂಗಣದಲ್ಲಿ ಇದರ ಮಹಾ ಪ್ರದರ್ಶನ ನಡೆಯುತ್ತದೆ. ಅಲ್ಲಿ ರಾತ್ರಿ, ನಮಗೆ ಬೆಳಗಿನ ಎಂಟರಿಂದ ಹನ್ನೆರಡು. ಮಾವ ಒಂದು ತಿಂಗಳು ಮೊದಲೇ ರಜೆ ಚೀಟಿ ಕೊಡುತ್ತಿದ್ದ. ಕಾರಣ ಎಂಬಲ್ಲಿ ‘ಸ್ವಂತ ಕೆಲಸ’ ಎಂದು ಬರೆಯುತ್ತಿದ್ದ. ಆ ದಿನ ಅವನ ಪಕ್ಕ ಕೂತು ಕೇಳುವವರು ಯಾರಾದರೂ ಬೇಕು, ಅತ್ತೆ ಕೂರುವವಳಲ್ಲ. ಹೀಗಾಗಿ ಪ್ರತಿವರ್ಷ ಆ ಕೆಲಸ ನನ್ನ ತಲೆಗೆ ಬರುತ್ತಿತ್ತು. ನನಗೆ ಕುಸ್ತಿ ಎಂದರೆ ಅಷ್ಟಕ್ಕಷ್ಟೆ. ಮಾವನ ಮಾತು ಕೇಳಲು ಮಾತ್ರ ಇಷ್ಟ.

ಹೋದ ವರ್ಷ ನಾನು ಹೋದದ್ದಕ್ಕೆ ಇನ್ನೊಂದು ಕಾರಣವಿತ್ತು. ಮಾವನ ಒಬ್ಬಳೇ ಮಗಳು, ನಾವೆಲ್ಲ ಕಡ್ಡಿ ಎನ್ನುವವಳು, ಈಜು ಕಲಿಯುತ್ತೇನೆಂದು ಮನೆಯಲ್ಲಿ ಹೇಳಿ ಎಂಟು ತಿಂಗಳಿಂದ ಬೇರೆಲ್ಲೋ ಹೋಗುತ್ತಿದ್ದಳು. ಬಸ್ ಡಿಪೋ ಹಿಂದಿನ ಹಳೆಯ ಗೋದಾಮಿನಲ್ಲಿ ಒಬ್ಬ ನಿವೃತ್ತ ಕುಸ್ತಿಗಾರ್ತಿ ಹಲಗೆಯ ರಿಂಗು ಕಟ್ಟಿಕೊಂಡು ಹುಡುಗಿಯರಿಗೆ ಇದೇ ಟೀವಿ ಥರದ ಕುಸ್ತಿ ಹೇಳಿಕೊಡುತ್ತಿದ್ದಳು. ಮನೆಗೆ ಹೊರಡುವ ಮೊದಲು ಕಡ್ಡಿ ಅಲ್ಲಿನ ನಲ್ಲಿಗೆ ತಲೆಯೊಡ್ಡಿ ಕೂದಲು ಒದ್ದೆ ಮಾಡಿಕೊಳ್ಳುತ್ತಿದ್ದಳು. ಬರುವ ತಿಂಗಳು ಊರಿನ ಸಭಾಂಗಣದಲ್ಲಿ ಅವಳ ಮೊದಲ ಪಂದ್ಯ.

"ಅಪ್ಪನ ಮನಸ್ಸು ಸರಿ ಇರೋದು ವರ್ಷಕ್ಕೊಂದೇ ದಿನ. ಅವತ್ತೇ ಹೇಳ್ತೀನಿ. ಬೇಡ ಅಂದ್ರೆ ಬಿಟ್ಬಿಡ್ತೀನಿ. ಅಪ್ಪಂಗೆ ಬೇಡದ್ದು ನಂಗೂ ಬೇಡ. ನೀನು ಪಕ್ಕದಲ್ಲಿರು, ಸಾಕು," ಎಂದಿದ್ದಳು.

ಎಂಟಕ್ಕೆ ಸರಿಯಾಗಿ ಮಾವ ಹಜಾರದ ಕಿಟಕಿಯ ಪರದೆ ಎಳೆದು ಕೂತ. ಮೊದಲ ಜಟ್ಟಿ ಹೊಗೆಯೊಳಗಿಂದ ಬಂದು ರಿಂಗು ತಲುಪುವ ಹೊತ್ತಿಗೆ ಒಂಬತ್ತು ನಿಮಿಷ ಕಳೆದಿತ್ತು. ಪಂದ್ಯ ಮುಗಿದದ್ದು ಆರೇ ನಿಮಿಷದಲ್ಲಿ.

"ಮುನ್ನುಡಿನೇ ಪುಸ್ತಕಕ್ಕಿಂತ ದಪ್ಪ," ಎಂದು ಮಾವ ಮೂಗು ಮುರಿದ.

ಜಟ್ಟಿಗಳ ನಿಜವಾದ ಹೆಸರು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಏಳಡಿ ಎತ್ತರದವನು ಬೀರು. ಕ್ಯಾಮೆರಾ ಕಂಡಾಗಲೆಲ್ಲ ಕೂದಲು ತೀಡುವವನು ಕನ್ನಡಿ. ಐವತ್ತು ದಾಟಿದರೂ ರಿಂಗು ಬಿಡದವನು ಹಳೇಬಾಗಿಲು. ಅವತ್ತಿನ ಕೊನೆಯ ಪಂದ್ಯ ಬೀರುವಿಗೂ ಹಳೇಬಾಗಿಲಿಗೂ. ಮಾವ ವರ್ಷವಿಡೀ ಕಾದದ್ದು ಅದಕ್ಕೇ.

ಅವನ ಅಭಿಪ್ರಾಯಗಳು ಒಂದೆರಡಲ್ಲ. ಕುರ್ಚಿ ಎತ್ತಿ ಹೊಡೆಯುವವನು ಸೋಮಾರಿ. ಸರಿಯಾಗಿ ಬೇಕಾದ ಹೊತ್ತಿಗೇ ರೆಫರಿಯ ಕಣ್ಣಿಗೆ ಧೂಳು ಬೀಳುವುದು ಪಂದ್ಯದ ಕಥೆ ಬರೆದವರ ಬುದ್ಧಿಗೆ ಹಿಡಿದ ತುಕ್ಕು. ಮೂರನೆಯ ಪಂದ್ಯದ ಹೊತ್ತಿಗೆ ಜನ ತಿಂಡಿ ತರಲು ಏಳುತ್ತಾರೆ, ಒಳ್ಳೆಯ ಕೆಲಸಗಾರರು ಆಡುವುದು ಆಗಲೇ. ಗೆದ್ದವನ ಸೊಂಟಕ್ಕೆ ಬಂಗಾರದ ಬೆಲ್ಟು ಕಟ್ಟಿ ಮೆರೆಸುತ್ತಾರೆ, ಆದರೆ ದುಡಿದವನು ಸೋತವನೇ, ಯಾಕೆಂದರೆ ಇನ್ನೊಬ್ಬ ಬಲಶಾಲಿಯಾಗಿ ಕಾಣುವಂತೆ ಬಿದ್ದು ತೋರಿಸುವುದು ಅವನು.

"ಎಲ್ಲಾ ಸುಳ್ಳಂತಲ್ಲ ಮಾವ?" ಎಂದು ಕೆಣಕಿದೆ. ಪ್ರತಿವರ್ಷ ಕೆಣಕುತ್ತಿದ್ದೆ.

"ಗೆಲ್ಲೋದ್ಯಾರು ಅಂತ ಮೊದ್ಲೇ ಬರ್ಕೊಂಡಿರ್ತಾರೆ, ಒಪ್ಕೋತೀನಿ. ನೆಲಾನೂ ಬರ್ಕೊಂಡಿರ್ತಾರಾ? ಹತ್ತಡಿಯಿಂದ ಬಿದ್ದೋನಿಗೆ ನೆಲ ರಿಯಾಯಿತಿ ಕೊಡುತ್ತಾ? ನೋಡಿಲ್ಲಿ." ಮಾವ ಕುರ್ಚಿಯಲ್ಲೇ ಗದ್ದವನ್ನು ಎದೆಗೆ ಒತ್ತಿ, ಎರಡೂ ತೋಳು ಚಾಚಿ ಅಂಗೈ ಅಗಲಿಸಿದ. "ಗದ್ದ ಒಳಗೆ, ಬೆನ್ನು ಚಪ್ಪಟೆ, ಎರಡೂ ಕೈ ಒಟ್ಟಿಗೇ ನೆಲಕ್ಕೆ. ಏಟು ಹಂಚಿ ಹೋಗುತ್ತೆ. ನಮ್ಮ ನಿಮ್ಮಂಥೋರು ಬೀಳೋವಾಗ ಒಂದು ಕೈ ಊರ್ತೀವಿ. ಹುಟ್ಟಿದ ಎಲ್ರೂ ಊರ್ತಾರೆ. ಊರಿದ ಕೈ ಮುರೀತದೆ. ನಂಗೆ ಅನ್ನ ಹಾಕ್ತಿರೋದೇ ಆ ಕೈ. ಅದನ್ನ ಊರದೇ ಇರೋದು ಯಾರಿಗೂ ತಾನಾಗೇ ಬರಲ್ಲ, ಸಾವಿರ ಸಲ ಬಿದ್ದು ಕಲೀಬೇಕು."

ಕಡ್ಡಿ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ನಾನು ಕಣ್ಸನ್ನೆ ಮಾಡಿದೆ. "ಅಪ್ಪಾ," ಎಂದಳು. ಅಷ್ಟರಲ್ಲಿ ಕನ್ನಡಿ ಹಗ್ಗದ ಮೇಲಿಂದ ಹಾರಿದ, ಮಾವ "ಆಹಾ!" ಎಂದ, ಅವಳು ಒಳಗೆ ಹೋದಳು. ಹತ್ತು ಗಂಟೆಗೆ ಇನ್ನೊಮ್ಮೆ ಬಂದು ನೀರು ಬೇಕಾ ಎಂದು ಕೇಳಿ ಹೋದಳು. ಹಲಗೆಯ ಮೇಲೆ ಬೀಳುವ ಧೈರ್ಯವಿದ್ದ ಹುಡುಗಿಗೆ ಅಪ್ಪನ ಮುಂದೆ ಒಂದು ವಾಕ್ಯ ಹೊರಡಲಿಲ್ಲ. ನನಗೆ ರೇಗಿಹೋಯಿತು. ಅಡುಗೆಮನೆಗೆ ಹೋಗಿ, "ಈಗ ಹೇಳದಿದ್ರೆ ನಾನೇ ಹೇಳ್ತೀನಿ," ಎಂದೆ.

"ಟೀ ತರ್ತೀನಿ. ಟೀ ಕೊಟ್ಟು ಹೇಳ್ತೀನಿ," ಎಂದಳು.

ಅತ್ತೆಗೂ ಒಂದು ಪದ್ಧತಿಯಿತ್ತು. ಮಹಾ ಪ್ರದರ್ಶನದ ದಿನ ಬೇರೆ ಹೊತ್ತೇ ಸಿಗದವಳಂತೆ ಹನ್ನೊಂದೂವರೆಗೆ ಹಜಾರ ಒರೆಸಲು ಬರುತ್ತಿದ್ದಳು. ಟೀವಿಗೆ ಅಡ್ಡ ನಿಂತು, "ಕಾಲೆತ್ತಿ," ಎನ್ನುತ್ತಿದ್ದಳು. ಮಾವ ಕಾಲೆತ್ತಿ, ಅವಳ ಸೊಂಟದ ಪಕ್ಕದಿಂದ ಇಣುಕಿ ನೋಡುತ್ತಿದ್ದ. ಅವತ್ತೂ ಅದೇ ಆಯಿತು. ಅತ್ತೆ ಒರೆಸಿ ಬಕೆಟ್ಟು ಎತ್ತಿಕೊಂಡು ಸರಿದಳು. ಟೀವಿಯಲ್ಲಿ ಹಳೇಬಾಗಿಲು ಬರುತ್ತಿದ್ದ, ಜನ ಎದ್ದು ನಿಂತಿದ್ದರು. ಕಡ್ಡಿ ನಾಲ್ಕು ಲೋಟದ ತಟ್ಟೆ ಹಿಡಿದು ಒದ್ದೆ ನೆಲದ ಮೇಲೆ ಕಾಲಿಟ್ಟಳು.

ಎರಡೂ ಕಾಲು ಒಟ್ಟಿಗೆ ಜಾರಿದವು. ತಟ್ಟೆ ಪಕ್ಕಕ್ಕೆ ಹಾರಿತು. ಅವಳು ಕೈ ಊರಲಿಲ್ಲ. ಗದ್ದ ಎದೆಗೆ ಸೇರಿತು, ಬೆನ್ನು ಚಪ್ಪಟೆಯಾಯಿತು, ಎರಡೂ ಅಂಗೈ ಒಟ್ಟಿಗೆ ನೆಲಕ್ಕೆ ಬಡಿದು ಒಂದೇ ಸದ್ದು ಬಂತು. ಮಲಗಿದಲ್ಲೇ ಬಲಗೈಯ ಒಂದು ಬೆರಳು ಮೇಲೆತ್ತಿದಳು. ಅದು ಗೋದಾಮಿನ ನಿಯಮ: ಬಿದ್ದವಳಿಗೆ ಪೆಟ್ಟಾಗಿಲ್ಲವೆಂದು ಗುರುವಿಗೆ ತಿಳಿಸಬೇಕು. ಚಾವಣಿಗೆ ಬೆರಳು ತೋರಿಸಿದ ಮೇಲೆ ತಾನೆಲ್ಲಿದ್ದೇನೆಂದು ಅವಳಿಗೆ ನೆನಪಾಯಿತು. ಬೆರಳು ಮೆಲ್ಲಗೆ ಇಳಿಯಿತು.

ಅತ್ತೆ ಕಿರುಚಿಕೊಂಡು ಓಡಿ ಬಂದಳು. ಮಾವ ಕೂತಲ್ಲಿಂದ ಏಳಲಿಲ್ಲ. ಟೀ ಹರಿದು ಅವನ ಪಾದ ಮುಟ್ಟಿತು.

"ಎಷ್ಟು ದಿನದಿಂದ?" ಎಂದ.

"ಎಂಟು ತಿಂಗಳು," ಎಂದಳು ಕಡ್ಡಿ, ಮಲಗಿದ್ದಲ್ಲಿಂದಲೇ. ಉಳಿದದ್ದನ್ನೆಲ್ಲ ಹಾಗೇ ಮಲಗಿ ಹೇಳಿದಳು: ಗೋದಾಮು, ಗುರು, ನಲ್ಲಿಯ ನೀರು, ಬರುವ ತಿಂಗಳ ಪಂದ್ಯ.

ಮಾವ ಟೀವಿ ಆರಿಸಿದ. ನೆಲಕ್ಕೆ ಕೂತು ಅವಳ ಮಣಿಕಟ್ಟು ಹಿಡಿದು ಒಂದೊಂದೇ ಮೂಳೆ ಒತ್ತಿ ನೋಡತೊಡಗಿದ. ಮೊಣಕೈ, ಭುಜ, ಕತ್ತಿನ ಮೂಳೆ. ಮುಗಿಸಿ ಮತ್ತೆ ಮಣಿಕಟ್ಟಿನಿಂದ ಶುರು ಮಾಡಿದ.

"ಗುಬ್ಬಿ ಥರ ಹೆದರ್ಕೊಂಡು ಕೂತ್ರೇನು ಬಂತು?" ಎಂದು ಅತ್ತೆ ಅವನ ಮೇಲೆ ಹರಿಹಾಯ್ದಳು. "ಬೇರೆಯವರ ಮಕ್ಳು ಬಿದ್ದಾಗ ಆಹಾ ಅಂದೋರು ಯಾರು? ಇವಳೇನು ಆಕಾಶದಿಂದ ಕಲ್ತಳಾ?"

ಮಾವ ತಲೆಯಾಡಿಸಿದ. ಅತ್ತೆಯ ಮಾತನ್ನು ಅವನು ಅಷ್ಟು ಬೇಗ ಒಪ್ಪಿದ್ದು ನಾನು ಕಂಡದ್ದು ಅದೇ ಮೊದಲು.

"ನಿನ್ನ ಪಂದ್ಯ ನೋಡೋಕೆ ನಾನು ಬರಲ್ಲ," ಎಂದ ಮಗಳಿಗೆ. "ನಂಗೆ ನೋಡೋಕಾಗಲ್ಲ."

"ಹೋಗ್ಲೋ ಬೇಡ್ವೋ, ಅಷ್ಟು ಹೇಳಪ್ಪ."

"ಬೇಡ ಅಂದ್ರೆ ನೀನು ಬಿಡ್ತೀಯ. ಅದು ನಂಗೊತ್ತು. ಅದಕ್ಕೇ ಅನ್ನಲ್ಲ."

ಕೊನೆಯ ಪಂದ್ಯದಲ್ಲಿ ಏನಾಯಿತೆಂದು ನಮ್ಮಲ್ಲಿ ಯಾರೂ ನೋಡಲಿಲ್ಲ. ಒಡೆದ ಲೋಟದ ಚೂರು ಆರಿಸುವಾಗ ನನಗೆ ಮಾವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಅಷ್ಟು ಚೆನ್ನಾಗಿ ಬಿದ್ದ ಹುಡುಗಿಗೆ ಭೇಷ್ ಎನ್ನಬಲ್ಲವನು ಆ ಊರಲ್ಲಿ ಅವನೊಬ್ಬನೇ ಇದ್ದ.

ಮುಂದಿನ ತಿಂಗಳು ಪಂದ್ಯದ ದಿನ ಮಾವನಿಗೆ ವಾರದ ರಜೆ. ಆದರೂ ಆಸ್ಪತ್ರೆಗೆ ಹೋಗಿ ಸಂಜೆಯವರೆಗೆ ಇದ್ದನಂತೆ. ಈ ವರ್ಷ ಅವನ ರಜೆ ಚೀಟಿ ಬಾರದ್ದನ್ನು ನೋಡಿ ಕಚೇರಿಯವರು, ಮೈಗೆ ಹುಷಾರಿಲ್ಲವಾ ಎಂದು ವಿಚಾರಿಸಿದರಂತೆ. ಮಹಾ ಪ್ರದರ್ಶನ ನಡೆಯುತ್ತಿದ್ದ ನಾಲ್ಕೂ ಗಂಟೆ ಅವನು ಪಟ್ಟಿ ಸುತ್ತುತ್ತಿದ್ದ. ಅವನ ಮನೆಯ ಟೀವಿಯಲ್ಲಿ ಈಗ ಕುಸ್ತಿ ಹಾಕುವವರಿಲ್ಲ. ಬೀರು, ಕನ್ನಡಿ ಎಂದು ನಾನು ಮಾತು ತೆಗೆದರೆ ಬೇರೆ ಮಾತಿಗೆ ಹೊರಳುತ್ತಾನೆ.

ಕಡ್ಡಿ ಈಗ ತಿಂಗಳಿಗೊಂದು ಪಂದ್ಯ ಆಡುತ್ತಾಳೆ. ಹೋದ ಭಾನುವಾರ ನನಗೆ ಹೋಗಲಾಗಲಿಲ್ಲ. ಸಂಜೆ ಮಾವನಿಗೆ ಫೋನು ಮಾಡಿ, "ಏನಾಯ್ತು ಮಾವ, ಗೆದ್ಲಾ ಸೋತ್ಲಾ?" ಎಂದು ಕೇಳಿದೆ.

"ಅದೆಲ್ಲ ಕೇಳ್ಲಿಲ್ಲ," ಎಂದ. "ನಡ್ಕೊಂಡೇ ಬಂದ್ಲು."