ಎಡಗಡೆಯ ಹಾಲು

ನಮ್ಮ ಹೊನ್ನಾಳಿಯ ಸೂಲಗಿತ್ತಿ ಅಜ್ಜಿಯ ಕೆಳತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಲೆಯಿತ್ತು. ಆಗಾಗ ಅಲ್ಲಿ ನೀರುಗುಳ್ಳೆ ಏಳುತ್ತಿತ್ತು. ಅಂಥ ದಿನಗಳಲ್ಲಿ ಸೆರಗಿನಿಂದ ಬಾಯಿ ಕಟ್ಟಿಕೊಂಡೇ ಬಾಣಂತಿಯ ಕೋಣೆಗೆ ಬರುತ್ತಿದ್ದರು. ಪಿಂಜಾರರ ಮನೆಯವರು. ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದಿದ್ದರೂ ಒಂದಕ್ಕೂ ಮುತ್ತಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಬೇರೆಯವರು ಬಗ್ಗಿದರೂ ಗದರುತ್ತಿದ್ದರು: "ಮಾರಿ ಅತ್ತಾಗೆ ತಿರುಗಿಸ್ರೀ. ದೂರದಿಂದ ನೋಡಿದ್ರೆ ನಿಮ್ಮ ಕಣ್ಣು ಸವೆದು ಹೋಗ್ತಾವೇನು?" ಕಲ್ಲೆದೆಯ ಮುದುಕಿ ಎಂದು ನಾವು ಹುಡುಗಿಯರು ನಗುತ್ತಿದ್ದೆವು.

ಯುದ್ಧದ ಕಾಲ, ಅಕ್ಕಿಗೂ ರೇಷನ್ನು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಹೆಣ್ಣುಮಗು. ಆರನೆಯ ದಿನ ನನ್ನ ಎಡ ಮೊಲೆಯ ತೊಟ್ಟಿನ ಪಕ್ಕ ಅಂಥದೇ ಗುಳ್ಳೆಗಳು ಗುಂಪಾಗಿ ಎದ್ದವು. ಮದುವೆಯಾದಾಗಿನಿಂದ ಅವು ನನ್ನ ಮೈಮೇಲೆ ಬಂದು ಹೋಗುತ್ತಿದ್ದವು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಹರ್ಪಿಸ್ ಎಂಬ ಹೆಸರು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಅಜ್ಜಿ ನೋಡಿದವರೇ ಮಗುವನ್ನು ಬಲಕ್ಕೆ ಹೊರಳಿಸಿದರು.

"ಈ ಕಡೆ ಕುಡಿಸಬ್ಯಾಡವ್ವ. ಬಲಗಡೆ ಬೇಕಾದಷ್ಟು ಐತೆ. ಗುಳ್ಳೆ ಮ್ಯಾಲೆ ಬಟ್ಟೆ ಕಟ್ಟು, ಕೈ ತೊಳೆದು ಕೂಸ್ನ ಮುಟ್ಟು. ಎಡಗಡೇದಕ್ಕೆ ಗುಳ್ಳೆ ನೀರು ತಾಗ್ತೈತೆ, ಹಿಂಡಿ ಗಿಡದ ಬುಡಕ್ಕೆ ಹಾಕು. ಪೂರಾ ಮಾಯ್ದ ಮ್ಯಾಲೆ ಕುಡಿಸಾಕೆ ಅಡ್ಡಿಯಿಲ್ಲ."

ಹಾಗೇ ಮಾಡಿದೆ. ಹಿಂಡಿದ ಹಾಲಿನ ಬಟ್ಟಲನ್ನು ಅವ್ವನ ಕೈಗೆ ಕೊಡುತ್ತಿದ್ದೆ. ಎದೆಹಾಲು ಚೆಲ್ಲುವುದೆಂದರೆ ನಮ್ಮವರಿಗೆ ಕೂಸಿನ ಆಯುಸ್ಸನ್ನೇ ಚೆಲ್ಲಿದಂತೆ. ಅವ್ವ ಅದನ್ನು ಹಿತ್ತಿಲಿಗೆ ಒಯ್ಯಲಿಲ್ಲ. ನನಗೆ ನಿದ್ದೆ ಹತ್ತಿದಾಗ ಕೂಸಿಗೆ ಹಾಲು ಹಾಕುವ ಒಳಲೆಗೆ ಬಗ್ಗಿಸಿ ಮಗುವಿಗೇ ಕುಡಿಸಿದಳು.

ಕೆಲವು ದಿನಗಳಲ್ಲಿ ಮಗುವಿನ ಬಾಯಲ್ಲಿ ಗುಳ್ಳೆಗಳು ಕಂಡವು. ಆಮೇಲೆ ಜ್ವರ. ಮೊಲೆ ಹಿಡಿಯುವುದನ್ನೇ ಬಿಟ್ಟಿತು. ಏನು ಕುಡಿಸಿದಿರಿ ಎಂದು ಅಜ್ಜಿ ಕೇಳಿದಾಗ ಅವ್ವ ಒಳಲೆ ತೋರಿಸಿದಳು. ಬೈಯುತ್ತಾರೆ ಅಂದುಕೊಂಡೆ. ಅವರು ಅವ್ವನ ಪಕ್ಕ ಕೂತರು.

"ನಾನೂ ಹಿಂಗೇ ಮಾಡ್ದೆ ಕಣವ್ವ. ತುಟಿ ಮ್ಯಾಲೆ ಗುಳ್ಳೆ ಇದ್ದಾಗ ನನ್ನ ಮೊಮ್ಮಗನಿಗೆ ಮುತ್ತಿಟ್ಟೆ. ತಿಂಗಳು ತುಂಬಲಿಲ್ಲ."

ಮರುದಿನ ಮಗು ಹೋಯಿತು. ನನಗೆ ಮತ್ತೆ ಮಕ್ಕಳಾಗಲಿಲ್ಲ. ಅವ್ವ ಸಾಯುವ ತನಕ ಆ ಒಳಲೆಯ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅಜ್ಜಿ ಅದೇ ವರ್ಷ ತೀರಿಕೊಂಡರು.

ಅವರ ಋಣ ಒಂದು ಮಾತಿನದು. ಮಗು ಮಣ್ಣಾದ ಮೇಲೂ ನನ್ನ ಬಲಗಡೆಯ ಹಾಲು ನಿಲ್ಲಲಿಲ್ಲ, ಕಟ್ಟಿಕೊಂಡು ನೋಯುತ್ತಿತ್ತು. ನನ್ನ ಹಾಲೇ ವಿಷ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು, ನಾನೂ ನಂಬಿದ್ದೆ. ಅಜ್ಜಿ ದಿನವೂ ಬಂದು ಹಿಂಡಿ ತೆಗೆಯುತ್ತಿದ್ದರು. ಒಂದು ದಿನ ತುಂಬಿದ ಬಟ್ಟಲು ಹಿಡಿದು ನನ್ನ ಮುಂದೆ ನಿಂತರು.

"ನೋಡವ್ವ, ಇದರಾಗೆ ಕೆಟ್ಟದ್ದೇನೂ ಇರಲಿಲ್ಲ" ಎಂದರು.

ಆಮೇಲೆ ಹಿತ್ತಿಲಿಗೆ ಹೋಗಿ ಕರಿಬೇವಿನ ಬುಡಕ್ಕೆ ಸುರಿದು ಬಂದರು.