ಆಮೆನ್ ಬಾರದ ಕೀರ್ತನೆ

ಬರಗಾಲದಲ್ಲಿ ಭಾಲ್ಕಿಯ ನಮ್ಮ ಚರ್ಚಿಗೆ ಯುರೋಪಿನಿಂದ ಬಂದ ಕಂಬಳಿಗಳ ನಡುವೆ ಒಂದು ಗ್ರಾಮಫೋನ್ ಪ್ಲೇಟು ಸಿಕ್ಕಿತು. ಬಂದ ಸಾಮಾನಿನ ಪಟ್ಟಿ ಬರೆಯುವವಳು ನಾನು. ಏನೆಂದು ತಿಳಿಯದೆ ಬರೆಯುವವಳಲ್ಲ. ಚರ್ಚಿನ ಗ್ರಾಮಫೋನಿಗೆ ಹಾಕಿಸಿದೆ.

ಆರ್ಗನ್ ಮೊಳಗಿದ್ದೇ ಕೀರ್ತನೆಯೆಂದು ಪಾದ್ರಿಗಳು ಎದ್ದರು. ಕಂಬಳಿಗೆ ಕಾದು ಕೂತಿದ್ದ ಹೆಂಗಸರೂ ಎದ್ದರು. ಕೀರ್ತನೆ ಮುಗಿಯುವ ತನಕ ನಮ್ಮಲ್ಲಿ ಯಾರೂ ಕೂರುವುದಿಲ್ಲ, ಏನೂ ಹಂಚುವುದಿಲ್ಲ. ಆರ್ಗನ್ ಆಯಿತು, ಕೊಳಲು ಬಂತು, ಡ್ರಮ್ಮು ಬಂತು, ಮತ್ತೆ ಆರ್ಗನ್. ಅದು ಕೀರ್ತನೆಯಲ್ಲ, ಪ್ರೋಗ್ರೆಸಿವ್ ರಾಕ್ ಎಂಬ ವಿಲಾಯಿತಿ ಸಂಗೀತ, ಪ್ಲೇಟಿನ ಒಂದು ಬದಿಗೆಲ್ಲ ಒಂದೇ ಹಾಡು ಎಂದು ಮೊಮ್ಮಗಳು ಹೇಳಿದ್ದು ಈಚೆಗೆ.

ಕೂಲಿಗೆಂದು ಹೈದರಾಬಾದಿಗೆ ಹೊರಟಿದ್ದ ಔರಾದಿನ ಮುದುಕಿ ಕೇಳಿದಳು, "ಪಾದ್ರಿ ಸಾಹೇಬ್ರ, ನನ್ನ ಗಾಡಿ ಹೋಗ್ತದರಿ. ದೇವರಿಗಿ ಇನ್ನಾ ಎಷ್ಟ್ ಹೊಗಳ್ತಾರ್ರಿ ಇವ್ರು?"

"ಸುಮ್ಕಿರು ಆಯಿ, ಆಮೆನ್ ಬರ್ಲಿ."

"ಇದು ಮದಿವಿ ಮೆರವಣಗಿ ಅದರಿ. ಇದಕ್ಕ ಆಮೆನ್ ಎಲ್ಲಿಂದ ಬರ್ಬೇಕು?"

ತಾನೇ ಒಂದು ಕಂಬಳಿ ಎತ್ತಿಕೊಂಡು, ಕುಣಿಯುತ್ತಲೇ ಸ್ಟೇಷನ್ನಿಗೆ ನಡೆದಳು. ಓದಿದವರಾದ ನಾವು ನಿಂತೇ ಇದ್ದೆವು.